ಕೆಂಪು ಜೊಂಡಿನ ಚಾಪೆ

ಜನವರಿಯ ಬೆಳಗು. ಹೂಡಿಯ ರಸ್ತೆಯಲ್ಲಿ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ಮೂರನೇ ಮಹಡಿಯ ಹಾಟ್ ಯೋಗ ಕ್ಲಾಸಿನ ಬಾಗಿಲು ತೆರೆದ ವೇಣಿಯ ಮುಖಕ್ಕೆ ಮಾತ್ರ ಏಪ್ರಿಲ್ ತಿಂಗಳೇ ಬಂದು ರಾಚಿತು. ಒಳಗೆ ನಲವತ್ತು ಡಿಗ್ರಿ. ಮಬ್ಬು ಹಳದಿ ಬೆಳಕು, ಒಂದು ಗೋಡೆಯ ಉದ್ದಕ್ಕೂ ಕನ್ನಡಿ, ಕನ್ನಡಿಯ ಅಂಚಿನಲ್ಲಿ ತೆಳ್ಳನೆಯ ಹಬೆ.

ಎಲ್ಲರೂ ಬೂದು, ನೀಲಿ ರಬ್ಬರ್ ಮ್ಯಾಟ್ ಹಾಸಿಕೊಂಡಿದ್ದರು. ವೇಣಿ ಕಂಕುಳಲ್ಲಿದ್ದ ಚಾಪೆ ಬಿಡಿಸಿದಳು. ಕೆಂಪು ಬಣ್ಣ ಕಟ್ಟಿದ ಜೊಂಡಿನ ಚಾಪೆ. ಮನೆಗೆ ನೆಂಟರು ಬಂದಾಗ ಮಾತ್ರ ಅಜ್ಜಿ ಅಶ್ವತ್ಥಮ್ಮ ಅದನ್ನು ಹೊರಗೆ ತೆಗೆಯುತ್ತಿದ್ದಳು. "ಯೋಗಕ್ಕೆ ಅಂದ್ರೆ ಒಳ್ಳೇದೇ ತಕೊಂಡೋಗವ್ವ" ಎಂದು ತಾನಾಗಿಯೇ ಕೊಟ್ಟಿದ್ದಳು. ಚಾಪೆ ಬಿಚ್ಚಿದ ಸರಬರ ಸದ್ದಿಗೆ ಹತ್ತು ತಲೆಗಳು ತಿರುಗಿದವು. ವೇಣಿಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು.

"ಫಸ್ಟ್ ಟೈಮ್ ಬಂದವ್ರಿಗೆ ಒಂದೇ ರೂಲ್," ಎಂದಳು ಟೀಚರ್ ನಿವೇದಿತಾ. "ಆಸನ ಬರ್ದಿದ್ರೂ ಪರವಾಗಿಲ್ಲ. ಸುಸ್ತಾದ್ರೆ ಕೂತ್ಕೊಳ್ಳಿ, ಮಲ್ಕೊಳ್ಳಿ. ರೂಮಿಂದ ಆಚೆ ಮಾತ್ರ ಎದ್ದು ಹೋಗ್ಬೇಡಿ."

ಎದ್ದು ಹೋಗುವುದರಲ್ಲಿ ವೇಣಿಯದು ಎತ್ತಿದ ಕೈ. ಅವಳನ್ನು ನೋಡಲು ಬಂದ ಮೂವರು ಗಂಡುಗಳ ಮುಂದಿನಿಂದಲೂ ಕಾಫಿ ಆರುವ ಮೊದಲೇ ಎದ್ದು ಒಳಗೆ ಹೋಗಿದ್ದಳು. ಯಾಕೆಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಕೂತಿರಬೇಕು ಅನಿಸಿರಲಿಲ್ಲ, ಅಷ್ಟೆ. ಈ ಕ್ಲಾಸಿಗೂ ಆಸೆಪಟ್ಟು ಬಂದವಳಲ್ಲ. ಟೆಕ್ ಪಾರ್ಕಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸೊಂಟ ಹಿಡಿದುಕೊಂಡಿತ್ತು.

ಹದಿನೈದು ನಿಮಿಷಕ್ಕೆ ಬೆವರು ರೆಪ್ಪೆಯಿಂದ ತೊಟ್ಟಿಕ್ಕತೊಡಗಿತು. ವೃಕ್ಷಾಸನಕ್ಕೆ ಒಂಟಿ ಕಾಲಲ್ಲಿ ನಿಂತಾಗ ಕನ್ನಡಿಯಲ್ಲಿದ್ದ ವೇಣಿ ಒಂದು ಕಡೆ, ನಿಜವಾದ ವೇಣಿ ಇನ್ನೊಂದು ಕಡೆ ವಾಲಿದಂತಾಯಿತು. ಸಾಕಪ್ಪಾ ಸಾಕು ಎಂದು ಬಾಗಿಲ ಕಡೆ ಹೆಜ್ಜೆ ಇಟ್ಟಳು.

"ಮೇಡಂ, ಹೋಗ್ಬೇಡಿ. ಕೂತ್ಕೊಳ್ಳಿ."

ಪಕ್ಕದ ಮ್ಯಾಟಿನವನು. ಗುಂಗುರು ಕೂದಲು ಹಣೆಗೆ ಅಂಟಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಎಲ್ರೂ ನಿಂತಿದ್ದಾರೆ. ನಾನೊಬ್ಳೇ ಹೇಗ್ರೀ ಕೂರ್ಲಿ?"

ಅವನು ಎತ್ತಿದ್ದ ಕಾಲನ್ನು ಮೆಲ್ಲನೆ ಇಳಿಸಿ ತಾನೂ ಕೂತುಬಿಟ್ಟ. ವೇಣಿ ಕೂತಳು. ಹದಿನಾಲ್ಕು ಜನ ಮರಗಳ ಹಾಗೆ ನಿಂತಿದ್ದ ಆ ಕೋಣೆಯಲ್ಲಿ ಅವರಿಬ್ಬರೇ ನೆಲದ ಮೇಲೆ. ಕನ್ನಡಿಯಲ್ಲಿ ಕಣ್ಣು ಕೂಡಿದವು. ಅವನು ಹುಬ್ಬೇರಿಸಿದ. ವೇಣಿ ನಗು ಬರದಂತೆ ತುಟಿ ಕಚ್ಚಿಕೊಂಡಳು. ಕನ್ನಡಿಗೆ ಹಬೆ ಕವಿಯಿತು, ಅವನ ಮುಖ ನಿಧಾನವಾಗಿ ಮಸುಕಾಯಿತು. ಒರೆಸಿ ನೋಡಬೇಕು ಅನಿಸಿತು.

ಕ್ಲಾಸ್ ಮುಗಿದ ಮೇಲೆ ಕಾರಿಡಾರಿನ ತಣ್ಣನೆಯ ಗಾಳಿಯಲ್ಲಿ ಅವನೇ ಹತ್ತಿರ ಬಂದ.

"ಚಿರಂಜೀವಿ ಅಂತ. ಎಸಿ ಪ್ಲಾಂಟ್ ಮೇಂಟೆನೆನ್ಸ್. ಊರನ್ನೆಲ್ಲ ತಣ್ಣಗೆ ಮಾಡೋದೇ ಕೆಲ್ಸ. ಮಾಡಿ ಮಾಡಿ ನನ್ ಭುಜ ಹಿಡ್ಕೊಂಡ್ಬಿಟ್ಟಿದೆ. ಅದಕ್ಕೇ ಬಿಸಿ ಹುಡುಕ್ಕೊಂಡು ಬಂದೆ."

"ನಾನು ವೇಣಿ. ಇಲ್ಲೇ, ಹಳೇ ಊರಲ್ಲಿ ಮನೆ" ಎಂದು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದಳು. ಅವನು ಅವಳ ಅಂಗೈ ನೋಡಿದ. ಮುಖದಲ್ಲಿದ್ದ ನಗು ಅಲ್ಲೇ ಉಡುಗಿತು. "ಬರ್ತೀನಿ ಮೇಡಂ" ಎಂದವನೇ ಮೆಟ್ಟಿಲಿಳಿದು ಹೋದ. ತಾನೇನು ತಪ್ಪು ಮಾಡಿದೆ ಎಂದು ವೇಣಿ ಮನೆ ಸೇರುವವರೆಗೂ ಯೋಚಿಸಿದಳು.

ಮುಂದಿನ ಮೂರು ವಾರ ಹಾಗೆಯೇ. ಅವನು ಮ್ಯಾಟನ್ನು ಒಂದು ಸಾಲು ಹಿಂದಕ್ಕೆ ಹಾಸುತ್ತಿದ್ದ. ಆದರೆ ಬಾಗಿಲ ಪಕ್ಕದ, ಸ್ವಲ್ಪ ಗಾಳಿಯಾಡುವ ಜಾಗದಲ್ಲಿ ತನ್ನ ಟವೆಲ್ ಇಟ್ಟು, ಅವಳು ಬಂದ ಕೂಡಲೇ ಎತ್ತಿಕೊಳ್ಳುತ್ತಿದ್ದ. ಅವಳು ವೃಕ್ಷಾಸನದಲ್ಲಿ ತೂರಾಡಿದರೆ ಹಿಂದಿನ ಸಾಲಿನಲ್ಲೂ ಯಾರೋ ಬೇಕೆಂದೇ ತೂರಾಡುತ್ತಿದ್ದರು. ಕನ್ನಡಿಯಲ್ಲಿ ಹಿಡಿಯಲು ಹೋದರೆ ಕಳ್ಳ ಕಣ್ಣು ಸೀಲಿಂಗ್ ನೋಡುತ್ತಿತ್ತು. ಇಷ್ಟೆಲ್ಲ ಮಾಡಿ ಕ್ಲಾಸ್ ಮುಗಿದೊಡನೆ ಮಾಯ! ಎಂಥಾ ಮನುಷ್ಯನಪ್ಪಾ ಎಂದು ವೇಣಿಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಜೊತೆಗೆ, ಮುಂದಿನ ಕ್ಲಾಸಿಗೆ ಇನ್ನೆಷ್ಟು ಗಂಟೆ ಎಂಬ ಎಣಿಕೆಯೂ ಇರುತ್ತಿತ್ತು. ಅವಳಿಗೆ ಅವನು ಬೇಕಾಗಿದ್ದ. ಜೀವನದಲ್ಲಿ ಮೊದಲ ಸಲ ಒಂದು ಕೋಣೆಯಿಂದ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ಶುಕ್ರವಾರ ಸಂಜೆ ಅಜ್ಜಿ ಸೊಪ್ಪು ಬಿಡಿಸುತ್ತಾ ಹೇಳಿದಳು. "ಭಾನ್ವಾರ ಅತ್ತಿಬೆಲೆ ಕಡೆಯಿಂದ ಗಂಡಿನವ್ರು ಬತ್ತಾರೆ. ಈ ಸಲ ಎದ್ದೋದ್ರೆ ನಿಮ್ಮಪ್ಪ ಸುಮ್ಕಿರಾಕಿಲ್ಲ. ಮನಸ್ನಾಗೆ ಯಾರಾದ್ರೂ ಅವ್ರಾ, ಯೋಳ್ಬಿಡು."

"ನನ್ನ ಮನಸ್ಸಲ್ಲಿ ಇದ್ದಾನೆ ಅಜ್ಜಿ. ಅವನ ಮನಸ್ಸಲ್ಲಿ ನಾನಿದ್ದೀನಾ, ಅದೇ ಗೊತ್ತಿಲ್ಲ."

"ಅಂಗಾರೆ ನಾಳೀಕೇ ಕೇಳು. ನಂಗ್ಯಾಕೆ ಯೋಳ್ತಾ ಕುಂತಿದ್ದೀಯ?"

ಶನಿವಾರ ಶವಾಸನದಲ್ಲಿ ಮಲಗಿದಾಗ ವೇಣಿಯ ಎದೆ ತಮಟೆ ಬಾರಿಸುತ್ತಿತ್ತು. ಒಬ್ಬೊಬ್ಬರೇ ಎದ್ದು ಹೋದರು. ಅವನು ಮ್ಯಾಟ್ ಸುತ್ತುತ್ತಿದ್ದ.

"ಚಿರಂಜೀವಿ, ಒಂದ್ನಿಮಿಷ. ಮೊದಲ್ನೇ ದಿನ ನನ್ನ ಕೂರಿಸ್ಬಿಟ್ಟು ನೀವ್ಯಾಕೆ ಎದ್ದು ಹೋದ್ರಿ?"

ಅವನು ನೆಲ ನೋಡಿದ. "ಮದುವೆ ಗೊತ್ತಾಗಿರೋ ಹೆಣ್ಮಗಳ ಹತ್ರ ಜಾಸ್ತಿ ಸಲಿಗೆ ತಗೋಬಾರ್ದು ಅಂತ."

"ಯಾರಿಗ್ರೀ ಗೊತ್ತಾಗಿರೋದು?"

"ಕಾಲುಂಗುರ ಇಲ್ಲ ಅಂತ ಮೊದ್ಲೇ ನೋಡ್ಕೊಂಡಿದ್ದೆ." ಅವನ ಕಿವಿ ಕೆಂಪಗಾಯಿತು. "ಆಮೇಲೆ ಕೈಯಲ್ಲಿ ಮೆಹಂದಿ ಕಾಣ್ತು. ವಾರವಾರವೂ ಹೊಸದಾಗೇ ಇರ್ತಿತ್ತು. ನಿಮ್ಮಲ್ಲಿ ಶಾಸ್ತ್ರ ಎಲ್ಲಾ ತಿಂಗಳಗಟ್ಲೆ ಮಾಡ್ತಾರೇನೋ ಅನ್ಕೊಂಡೆ."

ವೇಣಿ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಚಾಪೆಯನ್ನು ಅವನ ಮುಂದಕ್ಕೆ ಎಳೆದಳು. ಕೆಂಪು ಜೊಂಡಿನ ಮೇಲೆ ಎರಡು ಅಂಗೈಗಳ ಜಾಗದಲ್ಲಿ ಮಾತ್ರ ಬಣ್ಣ ಬಿಟ್ಟು ಬೆಳ್ಳಗಾಗಿತ್ತು.

"ಬೆವರಿಗೆ ಬಣ್ಣ ಬಿಡುತ್ತೆ ಕಣ್ರೀ! ಜಾರಲ್ಲ ಅಂತ ಇದನ್ನೇ ತರ್ತೀನಿ. ಮೂರು ವಾರದಿಂದ ಕಣ್ಮುಂದೇನೇ ಇದೆ, ಚಾಪೆ ನೋಡ್ಲಿಲ್ವಾ?"

"ನಾನು ಚಾಪೆ ನೋಡೋಕೆ ಬರ್ತಿದ್ನಾ?"

ವೇಣಿಯ ನಗು ನಿಂತಿತು.

"ನಾಳೆ ಹನ್ನೊಂದಕ್ಕೆ ಗಂಡಿನ ಕಡೆಯವ್ರು ಬರ್ತಾರೆ," ಎಂದಳು ವೇಣಿ. "ಬರ್ಬೇಡಿ ಅಂತ ಹೇಳ್ಸೋಕೆ ನಂಗೊಂದು ಕಾರಣ ಬೇಕು."

ಅವನು ಸುತ್ತಿದ ಮ್ಯಾಟನ್ನು ಪಕ್ಕಕ್ಕಿಟ್ಟ. ಆಮೇಲೆ ಮಂಡಿಯೂರಿ, ಚಾಪೆಯಲ್ಲಿದ್ದ ಅವಳ ಅಂಗೈ ಗುರುತಿನ ಪಕ್ಕದಲ್ಲಿ ತನ್ನ ಒದ್ದೆ ಕೈ ಎರಡನ್ನೂ ಒತ್ತಿ ಹಿಡಿದ. ಎತ್ತಿ ತೋರಿಸಿದಾಗ ಅಂಗೈ ಕೆಂಪಗಿತ್ತು.

"ನಂಗೆ ನೀವು ಬೇಕು ವೇಣಿ. ಇದನ್ನ ಎಲ್ಲಿಗೆ ಬಂದು ಹೇಳು ಅಂದ್ರೂ ಹೇಳ್ತೀನಿ."

"ಹಾಗಾದ್ರೆ ನಾಳೆ ಹನ್ನೊಂದಕ್ಕೆ ಮನೆಗೆ ಬನ್ನಿ."

ಆ ಸಂಜೆಯೇ ವೇಣಿಯಿಂದ ವಿಷಯ ತಿಳಿದ ಅಜ್ಜಿ ಹಟ ಹಿಡಿದು, ಬರಬೇಡಿ ಎಂದು ಅಪ್ಪನಿಂದ ಅತ್ತಿಬೆಲೆಗೆ ಫೋನ್ ಮಾಡಿಸಿದಳು. ಅಪ್ಪ ರಾತ್ರಿಯೆಲ್ಲ ಮುಖ ಊದಿಸಿಕೊಂಡಿದ್ದ. ಭಾನುವಾರ ಹತ್ತೂಮುಕ್ಕಾಲಿಗೇ ಚಿರಂಜೀವಿ ತನ್ನ ಅಮ್ಮನ ಜೊತೆ ಬಂದು ಬಾಗಿಲಲ್ಲಿ ನಿಂತ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಸೋಪಿಗೂ ಹೋಗದ ಕೆಂಪು ಅಂಗೈ. ಅಪ್ಪ ಏನು ಹೇಳುವುದೋ ತಿಳಿಯದೆ ಕೆಮ್ಮಿದ. ಚಿರಂಜೀವಿ ಅಜ್ಜಿಗೆ ಕೈ ಮುಗಿದ. ಅಜ್ಜಿ ಆ ಕೈಗಳನ್ನು ಹಿಡಿದು, ತಿರುಗಿಸಿ ನೋಡಿ, ಮೊಮ್ಮಗಳ ಕೈ ಕಡೆ ಕಣ್ಣು ಹಾಯಿಸಿದಳು.

"ವೇಣೀ, ಆ ಚಾಪೆ ತಕೊಂಡ್ಬಾ. ನೆಂಟ್ರು ಬಂದವ್ರೆ."

ವೇಣಿ ಚಾಪೆ ಹಾಸಿದಳು. ಕಾಫಿ ಕೊಟ್ಟಳು. ಆಮೇಲೆ ಅಪ್ಪನ ಎದುರಿಗೇ ಅವನ ಪಕ್ಕದಲ್ಲಿ ಕೂತಳು. ಕಾಫಿ ಆರಿತು, ಊಟಕ್ಕೆ ಎಲೆ ಹಾಕುವ ಹೊತ್ತಾಯಿತು. ಅವಳು ಏಳಲಿಲ್ಲ.