ಉತ್ತರಕ್ಕೆ ಕಾಯದ ಪದ್ಮಲೆ

ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರೂ ಹುಟ್ಟುವ ಮೊದಲು ಇಂದುಪುರವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಹೆಬ್ಬಾಗಿಲಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಅಧಿಕಾರ ಏಳು ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿತ್ತು. ಜನ ಅದನ್ನು ಬಾಗಿಲ ಮನೆತನ ಎಂದೇ ಕರೆಯುತ್ತಿದ್ದರು. ಆ ಮನೆಯವರು ದನಿ ಎತ್ತಿ ಮಾತಾಡಿದ್ದನ್ನು ಊರು ಕೇಳಿರಲಿಲ್ಲ. ಅತಿಥಿ ಕೂರುವ ಮೊದಲು ಅವರು ಕೂತದ್ದಿಲ್ಲ. ಮಾಸಿದ ಬಟ್ಟೆಯಲ್ಲಿ ಹೊಸ್ತಿಲು ದಾಟಿದ್ದಿಲ್ಲ. ಅಷ್ಟು ಕಾಲದಲ್ಲಿ ಮೂವರು ಅರಸರು ಸಿಂಹಾಸನ ಕಳೆದುಕೊಂಡರು. ಬಾಗಿಲ ಮನೆತನದವರು ಮಾತ್ರ ಒಂದು ದಿನವೂ ಬಾಗಿಲು ಬಿಟ್ಟವರಲ್ಲ.

ಏಳನೆಯ ತಲೆಮಾರಿನ ಗುಣಭದ್ರಯ್ಯನಿಗೆ ಒಬ್ಬಳೇ ಮಗಳು, ಪದ್ಮಲೆ. ಬೆನ್ನು ನೆಟ್ಟಗೆ, ಸೆರಗು ನೆಟ್ಟಗೆ, ಮಾತು ಇನ್ನೂ ನೆಟ್ಟಗೆ. ತಂದೆಗೆ ಮೊಣಕಾಲು ನೋವು ಶುರುವಾದ ಮೇಲೆ ಬಾಗಿಲಿಗೆ ಅವಳೇ ನಿಂತಳು. ಬಂದವರಿಗೆ ಬೆಲ್ಲ ನೀರು ಕೊಟ್ಟು ಮೂರು ಪ್ರಶ್ನೆ ಕೇಳುವುದು ಮನೆತನದ ಪದ್ಧತಿ.

"ದಾರಿ ಸುಗಮವಾಗಿತ್ತೇ? ಮನೆಯವರೆಲ್ಲ ಕ್ಷೇಮವೇ? ತಮಗೇನು ಬೇಕು?"

ಪದ್ಮಲೆ ಒಂದಕ್ಷರ ತಪ್ಪದೆ ಕೇಳುತ್ತಿದ್ದಳು. ಎದುರಿಗಿದ್ದವರು ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಅವಳ ಕಣ್ಣು ಹಿಂದೆ ನಿಂತವರ ಮೇಲಿರುತ್ತಿತ್ತು. "ಬಹಳ ಸಂತೋಷ, ಒಳಗೆ ದಯಮಾಡಿಸಿ" ಎನ್ನುತ್ತಿದ್ದಳು.

ಅರಸನ ಮಗಳ ನಾಮಕರಣದ ದಿನ ಹೆಬ್ಬಾಗಿಲಿನಲ್ಲಿ ಜನವೋ ಜನ. ಪಲ್ಲಕ್ಕಿಗಳ ನಡುವೆ ಒಬ್ಬ ಮನುಷ್ಯ ಮೈಯೆಲ್ಲ ಧೂಳಾಗಿ ಬಂದು ನಿಂತ. ಅವನ ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲಿತ್ತು. ಪದ್ಮಲೆ ಮೂರು ಪ್ರಶ್ನೆಗಳನ್ನೂ ಕೇಳಿದಳು.

"ದಾರಿಯಲ್ಲಿ ನನ್ನ ಹೆಂಡತಿ ತೀರಿಹೋದಳಮ್ಮ," ಎಂದ ಅವನು. "ಹೊರುವುದಕ್ಕೆ ನಾಲ್ಕು ಜನ ಬೇಕು."

"ಬಹಳ ಸಂತೋಷ, ಒಳಗೆ ದಯಮಾಡಿಸಿ."

ಅವನು ಅವಳ ಮುಖವನ್ನು ನೋಡಿದ. ಬಗ್ಗಿ ಒಂದು ಚಿಟಿಕೆ ಧೂಳು ತೆಗೆದು ಹೊಸ್ತಿಲ ಮೇಲೆ ಊದಿದ. "ಉತ್ತರ ಬೇಡದೆ ನೀನು ಮಾತಾಡಿಸಿದವರೆಲ್ಲ ಕಲ್ಲಾಗಲಿ," ಎಂದು ಹೇಳಿ ಹೊರಟುಹೋದ. ಅದೂ ಪದ್ಮಲೆಗೆ ಕೇಳಿಸಲಿಲ್ಲ.

ಮಂತ್ರಿಯ ಹೆಂಡತಿ ಬಂದಳು, ಕಲ್ಲಾದಳು. ನೆರೆರಾಜ್ಯದ ದಳವಾಯಿ ಬಂದ, ಕಲ್ಲಾದ. ಹನ್ನೊಂದು ಜನ ಕಲ್ಲಾಗಿ ದಾರಿ ಕಟ್ಟಿದ ಮೇಲೆಯೇ, ಇವರೇಕೆ ಒಳಗೆ ಹೋಗುತ್ತಿಲ್ಲ ಎಂದು ಪದ್ಮಲೆ ತಿರುಗಿ ನೋಡಿದ್ದು. ಗದ್ದಲ ಕೇಳಿ ಗುಣಭದ್ರಯ್ಯ ಕುಂಟುತ್ತ ಬಂದ. ಕಲ್ಲುಗಳ ಮೇಲಿನ ಕಣ್ಣು ಕೀಳದೆ ಅವಳು ರೂಢಿಯಂತೆ, "ಕ್ಷೇಮವೇ, ಅಪ್ಪಾ?" ಎಂದುಬಿಟ್ಟಳು. ಮಗಳ ತಲೆ ಸವರಲು ಅರ್ಧ ಎತ್ತಿದ ಕೈ ಹಾಗೇ ಕಲ್ಲಾಯಿತು.

ಬಾಗಿಲ ಪಕ್ಕದ ಜಗಲಿಯಲ್ಲಿ ಅವಳ ಕಣ್ಣು ಕಾಣದ ಅಜ್ಜಿ ಕೂತಿದ್ದಳು. ಪದ್ಮಲೆ ಅವಳ ಕಾಲ ಬಳಿ ಕುಸಿದಳು.

"ಗೆಜ್ಜೆಯ ಕೋಲು ಕೇಳಿಸಿತು," ಎಂದಳು ಅಜ್ಜಿ. "ಅದು ಕರಿಗುಡ್ಡದ ಮಾಂತ್ರಿಕ ಉಗ್ರಾಕ್ಷನ ಕೋಲು. ಏನು ಹೇಳಿದ ಅವನು?"

"ಏನೋ ಹೇಳಿದರು ಅಜ್ಜಿ."

"ಏನೋ ಅಂದರೆ ಏನೇ?"

ಪದ್ಮಲೆಗೆ ಒಂದು ಮಾತೂ ನೆನಪಾಗಲಿಲ್ಲ. ಅಜ್ಜಿಯ ಮುಂದೆ ಅವಳು ತಲೆ ತಗ್ಗಿಸಿದ್ದು ಅದೇ ಮೊದಲು.

"ಏಳು. ಆಗ ಕೇಳದೆ ಬಿಟ್ಟದ್ದನ್ನು ಕೇಳಿಸಿಕೊಂಡು ಬಾ. ಇಲ್ಲದಿದ್ದರೆ ನಿನ್ನಪ್ಪ ಹೀಗೇ ನಿಂತಿರುತ್ತಾನೆ."

ಪದ್ಮಲೆ ಹೊರಟಳು. ಮೂರು ದಿನ ನಡೆದ ಮೇಲೆ ಒಂದು ನದಿ ಅಡ್ಡ ಬಂತು. ದಡದಲ್ಲಿ ದೋಣಿಯಷ್ಟು ದೊಡ್ಡ ಮೊಸಳೆ ಮಲಗಿತ್ತು.

"ದಾಟಿಸುತ್ತೇನೆ ಕಣವ್ವಾ," ಎಂದಿತು ಮೊಸಳೆ. "ಕೂಲಿ ಬೇಡ. ನನ್ನ ಕಷ್ಟ ಕೇಳಿದರೆ ಸಾಕು. ಈ ಬಲಗಡೆಯ ಹಲ್ಲು ಇದೆಯಲ್ಲ, ಅದು ಹೋದ ಮಳೆಗಾಲದಿಂದ..."

"ಲವಂಗ ಇಟ್ಟುಕೊಳ್ಳಬೇಕು," ಎಂದಳು ಪದ್ಮಲೆ.

ನದಿ ಎರಡರಷ್ಟು ಅಗಲವಾಯಿತು.

"ನಾನು ಮದ್ದು ಕೇಳಿದೆನೇ?" ಎಂದಿತು ಮೊಸಳೆ. "ಹೋಗಲಿ, ಮೊದಲಿಂದ ಹೇಳುತ್ತೇನೆ. ಈ ಹಲ್ಲಿನಿಂದ ರಾತ್ರಿ ನಿದ್ದೆಯಿಲ್ಲದೆ..."

"ನಮ್ಮ ಚಿಕ್ಕಪ್ಪನಿಗೂ ಹಾಗೇ ಆಗಿತ್ತು. ಅವರು ಅರಮನೆಯ ವೈದ್ಯರನ್ನೇ..."

ಆಚೆ ದಡ ಕಣ್ಣಿಗೇ ಕಾಣದಾಯಿತು.

"ಭೇಷ್! ಹಲ್ಲು ನನ್ನದು, ಕತೆ ನಿಮ್ಮ ಚಿಕ್ಕಪ್ಪನದು. ಅವರನ್ನೇ ಕರೆಸಿಕೋ, ಅವರೇ ದಾಟಿಸಲಿ."

ಪದ್ಮಲೆಯ ಕೆನ್ನೆ ಕೆಂಪಾಯಿತು. ಅವಳು ದಡದ ಮೇಲೆ ಕೂತಳು, ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡಳು, ತುಟಿ ಬಿಗಿದಳು. ಮೊಸಳೆ ಹಲ್ಲಿನಿಂದ ಶುರುಮಾಡಿ, ತನ್ನನ್ನು ಕಂಡರೆ ಹೆದರುವ ಮೀನುಗಳಿಗೆ ಬಂದು, ಮಾತಾಡಲು ಯಾರೂ ಇಲ್ಲದ ದಿನಗಳಿಗೆ ಬಂದು ನಿಂತಿತು. ನಿಂತಾಗಲೂ ಅವಳು ಬಾಯಿ ಹಾಕಲಿಲ್ಲ. ಅದು ಉಸಿರು ಬಿಟ್ಟು, "ಅಷ್ಟೇ," ಎಂದಿತು. ನದಿ ಹಳ್ಳದಷ್ಟಾಗಿತ್ತು. ಮೊಸಳೆಯ ಬೆನ್ನೇ ಸೇತುವೆಯಾಯಿತು.

ನದಿಯಾಚೆ ಕಣಿವೆಯ ಬಾಯಿಯಲ್ಲಿ ಬಿಳಿಯಾನೆ ಅಡ್ಡ ನಿಂತಿತ್ತು. ನಡೆದು ದಣಿದಿದ್ದ ಪದ್ಮಲೆ, "ಗಜರಾಜರು ಕ್ಷೇಮವೇ? ತಮ್ಮ ದರ್ಶನದಿಂದ ಧನ್ಯಳಾದೆ," ಎಂದಳು. ಆನೆಯ ಸೊಂಡಿಲ ತುದಿ ಕಲ್ಲಾಗತೊಡಗಿತು. ಅವಳು ಬೆಚ್ಚಿ ಮೊದಲ ಸಲ ಆನೆಯನ್ನು ಸರಿಯಾಗಿ ನೋಡಿದಳು. ಬಲಗಿವಿಯ ಹಿಂದೆ ನೊಣ ಮುತ್ತಿತ್ತು.

"ಕಿವಿಯ ಹಿಂದೆ ಗಾಯವಾಗಿದೆಯಲ್ಲ. ಎಷ್ಟು ದಿನವಾಯಿತು?" ಎಂದು ಕೇಳಿ ಕಾದಳು.

"ಒಂಬತ್ತು ದಿನ," ಎಂದಿತು ಆನೆ. "ಬಂದವರೆಲ್ಲ ದಂತ ನೋಡುತ್ತಾರೆ. ಕಿವಿ ನೋಡಿದವಳು ನೀನೊಬ್ಬಳೇ, ತಾಯಿ." ಸೊಂಡಿಲಿನ ಕಲ್ಲು ಕರಗಿತು. ಆನೆ ದಾರಿ ಬಿಟ್ಟಿತು.

ಕರಿಗುಡ್ಡದ ನೆತ್ತಿಯಲ್ಲಿ ಉಗ್ರಾಕ್ಷನ ಗವಿ. ಗವಿಯ ಬಾಗಿಲಿಗೆ ಒಂದು ಬಂಡೆ ನೇತಾಡುತ್ತಿತ್ತು. ಒಳಗಿನ ಕತ್ತಲಲ್ಲಿ ಗೆಜ್ಜೆ ಅಲುಗಿತು. ಪದ್ಮಲೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಂತಳು.

"ನಮ್ಮದು ಏಳು ತಲೆಮಾರಿನ ಬಾಗಿಲ ಮನೆತನ. ನಮ್ಮಲ್ಲಿ ಎಂದೂ ಇಂಥದ್ದು..."

ಬಂಡೆ ಮೊಳದಷ್ಟು ಇಳಿಯಿತು.

"ಅಂದು ನಾಮಕರಣ. ಜನ ಬಹಳವಿದ್ದರು..."

ಬಂಡೆ ಅವಳ ಸೊಂಟದವರೆಗೆ ಇಳಿಯಿತು.

"ತಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು."

"ಆಗಿದ್ದರೆ?" ಎಂದಿತು ಒಳಗಿನ ದನಿ. "ಆಗಿದೆಯೋ ಇಲ್ಲವೋ ಎಂದು ನಿನಗಿನ್ನೂ ಅನುಮಾನವೇ?"

ಬಂಡೆ ಧಡಧಡನೆ ಇಳಿದು, ನೆಲಕ್ಕೆ ಒಂದು ಗೇಣು ಉಳಿದಾಗ ನಿಂತಿತು. ಇನ್ನೊಂದು ಮಾತು ತಪ್ಪಿದರೆ ಗವಿ ಮುಚ್ಚುತ್ತಿತ್ತು. ತಂದೆಯ ಅರ್ಧ ಎತ್ತಿದ ಕೈ ಪದ್ಮಲೆಯ ಕಣ್ಣಿಗೆ ಕಟ್ಟಿತು. ಏಳು ತಲೆಮಾರಿನಲ್ಲಿ ಯಾರೂ ಮಾಡದ ಕೆಲಸವನ್ನು ಅವಳು ಮಾಡಿದಳು. ಧೂಳಿನಲ್ಲಿ ಮಲಗಿ, ಕೆನ್ನೆಯನ್ನು ನೆಲಕ್ಕಿಟ್ಟು, ಆ ಸಂದಿಗೆ ಬಾಯಿ ಇಟ್ಟಳು.

"ನೀವು ಹೇಳಿದಿರಿ. ನಾನು ಕೇಳಲಿಲ್ಲ. ತಪ್ಪು ನನ್ನದು. ಇನ್ನೊಮ್ಮೆ ಹೇಳುತ್ತೀರಾ?"

ಅವಳು ಕಾದಳು.

"ಅವಳ ಹೆಸರು ಚೆನ್ನಲೆ," ಎಂದ ಉಗ್ರಾಕ್ಷ. "ಜ್ವರ ಬಂದಿತ್ತು. ನನ್ನ ಮಂತ್ರ ಯಾವುದೂ ನಾಟಲಿಲ್ಲ. ನಿಮ್ಮ ಊರಿನ ವೈದ್ಯರ ಬಳಿಗೆ ಹೊತ್ತು ತಂದೆ. ಊರು ಕಾಣಿಸುವ ದಿಬ್ಬದ ಮೇಲೆ ನೀರು ಕೇಳಿದಳು. ತರುವಷ್ಟರಲ್ಲಿ ಹೋಗಿದ್ದಳು. ಏನು ಬೇಕು ಎಂದು ನೀನು ಕೇಳಿದೆ. ಹೊರಲು ನಾಲ್ಕು ಜನ ಬೇಕು ಎಂದೆ. ನೀನು ಸಂತೋಷ ಎಂದೆ."

ಪದ್ಮಲೆಯ ಕಣ್ಣೀರು ಧೂಳಿನಲ್ಲಿ ಇಂಗಿತು. ಸಮಾಧಾನದ ಮಾತುಗಳು ಅವಳಿಗೆ ಬಾಯಿಪಾಠವಾಗಿದ್ದವು. ಒಂದನ್ನೂ ಆಡಲಿಲ್ಲ.

"ಆಮೇಲೆ?" ಎಂದಳು.

"ಒಬ್ಬನೇ ಹೊತ್ತೆ."

ಆಮೇಲೆ ಅವನು ಚೆನ್ನಲೆಯ ನಗುವನ್ನು ಹೇಳಿದ, ಅವಳು ಕಟ್ಟುತ್ತಿದ್ದ ಹೂವನ್ನು ಹೇಳಿದ, ಅವಳ ಸಿಡುಕನ್ನೂ ಹೇಳಿದ. ಹೇಳಿದಷ್ಟೂ ಬಂಡೆ ಮೇಲೇರಿತು. ಕೊನೆಗೆ ಅವನು ಬೆಳಕಿಗೆ ಬಂದ. ಬರಿಯ ಮುದುಕ. ಕೋಲನ್ನು ಮೊಣಕಾಲಿಗೆ ಒತ್ತಿ ಮುರಿದ.

ಅದೇ ಗಳಿಗೆಯಲ್ಲಿ ಇಂದುಪುರದ ಕಲ್ಲುಗಳು ಉಸಿರಾಡಿದವು. ಪದ್ಮಲೆ ಊರಿಗೆ ಬಂದಾಗ ಗುಣಭದ್ರಯ್ಯ ಬಾಗಿಲಲ್ಲೇ ಕಾಯುತ್ತಿದ್ದ. ಅರ್ಧಕ್ಕೆ ನಿಂತಿದ್ದ ಕೈ ಅವಳ ತಲೆಯನ್ನು ಮುಟ್ಟಿತು. ಮಾಸಿದ ಸೀರೆಯನ್ನು ಕಂಡರೂ ಅವನು ಏನೂ ಅನ್ನಲಿಲ್ಲ. ಅವಳ ಹಿಂದೆ ಬಂದ ಉಗ್ರಾಕ್ಷನಿಗೆ ಅಜ್ಜಿ ತನ್ನ ಜಗಲಿಯಲ್ಲೇ ಜಾಗ ಕೊಟ್ಟಳು. ಅಂದಿನಿಂದ ಹೆಬ್ಬಾಗಿಲಿನಲ್ಲಿ ಹೊರಲು ಹೆಗಲು ಕೊಡುವ ನಾಲ್ಕು ಜನ ಸದಾ ಇರುತ್ತಿದ್ದರು. ಬಾಗಿಲಿನ ಸಾಲು ನಿಧಾನವಾಯಿತು. ಯಾರೂ ದೂರಲಿಲ್ಲ. ಎಲ್ಲರೂ ಸುಖವಾಗಿದ್ದರು.

ವರುಷ ತುಂಬಿದ ಮಗಳನ್ನು ಎತ್ತಿಕೊಂಡು ಅರಸ ಮೆರವಣಿಗೆ ಹೊರಟ ದಿನ, ಹೆಬ್ಬಾಗಿಲಿನಲ್ಲಿ ಮಡಕೆ ಮಾರುವ ಮುದುಕಿಯೊಬ್ಬಳು ನಿಂತಿದ್ದಳು. "ಮನೆಯವರೆಲ್ಲ ಕ್ಷೇಮವೇ?" ಎಂದ ಅರಸ. "ಇಲ್ಲ ಬುದ್ಧಿ, ನನ್ನ ಸೊಸೆ..." ಎಂದು ಅವಳು ಶುರುಮಾಡುವಷ್ಟರಲ್ಲಿ, "ಸಂತೋಷ, ಸಂತೋಷ," ಎನ್ನುತ್ತ ಮುಂದೆ ನಡೆದ.

ಅರಸ ಹೊಸ್ತಿಲು ದಾಟುವ ಮೊದಲೇ ಪದ್ಮಲೆ ಬಾಗಿಲಿಗೆ ಅಗುಳಿ ಹಾಕಿದಳು. ವಾದ್ಯಗಳು ನಿಂತವು.

"ಏನಿದು, ಪದ್ಮಲೆ?" ಎಂದ ಅರಸ.

"ಆಕೆ ಇನ್ನೂ ಮಾತು ಮುಗಿಸಿಲ್ಲ, ಪ್ರಭು. ಹಿಂದಿರುಗಿ ಬನ್ನಿ. ಆಕೆಯ ಕ್ಷಮೆ ಕೇಳಿ."