ಸೋರಿಯಾದಲ್ಲಿ ತಪ್ಪಿದ ಬಸ್ಸು

ಪರದೆಯ ಮೇಲೆ ಆ ಫೋಟೋ ಬಂದಾಗ ಹಾಲ್‌ನಲ್ಲಿದ್ದವರೆಲ್ಲ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು.

ಏಪ್ರಿಲ್‌ನಲ್ಲಿ ಸ್ಪೇನ್ ನೋಡಿ ಬಂದಿದ್ದ ಹುಬ್ಬಳ್ಳಿಯ ಮಂದಿಯನ್ನು ಟೂರ್ ಮ್ಯಾನೇಜರ್ ಪ್ರಸಾದ ಆ ಭಾನುವಾರ ಸಂಜೆ ಒಂದೆಡೆ ಸೇರಿಸಿದ್ದ. ಹೊರಗೆ ಜುಲೈ ತಿಂಗಳ ಜಿಟಿಜಿಟಿ ಮಳೆ, ಒಳಗೆ ಮಿರ್ಚಿ ಭಜಿ, ಚಹಾ, ಪರದೆಯ ಮೇಲೆ ಫೋಟೋಗಳು. ಮ್ಯಾಡ್ರಿಡ್‌ನ ಅರಮನೆ ಮುಗಿದು ಸೋರಿಯಾ ಬಂತು. ಅದು ಉತ್ತರಕ್ಕಿರುವ ಹಳ್ಳಿಗಾಡಿನ ಪ್ರಾಂತ್ಯ. ಹಳೇ ಚರ್ಚುಗಳು, ಗೋಪುರದ ಮೇಲೆ ಗೂಡು ಕಟ್ಟಿದ ಕೊಕ್ಕರೆಗಳು, ಜನರಿಲ್ಲದ ಊರುಗಳು. ಅಂಥ ಒಂದು ಊರಿನ ಚರ್ಚಿನ ಕಲ್ಲುಕಟ್ಟೆಯ ಮೇಲೆ, ಒಂದೇ ಕಂಬಳಿ ಹೊದ್ದು ಇಬ್ಬರು ಕೂತಿದ್ದರು. ರಾಹೇಲ ಟೀಚರ್ ಮತ್ತು ಹತ್ತಿ ವ್ಯಾಪಾರಿ ನೀಲಕಂಠಪ್ಪ. ಕ್ಯಾಮೆರಾ ಎದುರಿಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ರಾಹೇಲಳಿಗೆ ಕಿವಿಯ ತನಕ ಬಿಸಿಯೇರಿತು. ಬೆಂಗೇರಿಯಲ್ಲಿ ಒಬ್ಬಳೇ ಇದ್ದು, ಮಿಶನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅವಳಿಗೆ ವಯಸ್ಸು ನಲವತ್ತು ದಾಟಿತ್ತು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವರ್ಷಗಳು ಹಾಗೇ ಸರಿದುಹೋಗಿದ್ದವು. ತಾಯಿ ತೀರಿದ ಮೇಲೆ, ಮನೆಯ ಮೌನ ತಾಳಲಾರದೆ ಟೂರ್‌ಗೆ ಹೆಸರು ಕೊಟ್ಟವಳು ಅವಳು.

ಮುಂದಿನ ಸಾಲಿನಲ್ಲಿ ನೀಲಕಂಠಪ್ಪನ ಪಕ್ಕ ಕೂತಿದ್ದ ಮಗಳು ಆರತಿ ತಿರುಗಿ ರಾಹೇಲಳನ್ನು ನೋಡಿದಳು. ಆಮೇಲೆ ತಂದೆಯನ್ನು.

"ಅಪ್ಪಾ, ಇವರ್ಯಾರು?"

ಹಾಲ್ ಇಡೀ ಕೇಳಿಸಿಕೊಳ್ಳುತ್ತಿತ್ತು. ನೀಲಕಂಠಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. "ರಾಹೇಲ ಟೀಚರ್. ಅವತ್ತ ಬಸ್ಸು ನಮ್ಮಿಬ್ಬರನ್ನ ಬಿಟ್ಟ ಹೋಗಿತ್ತು ಅಂತ ಹೇಳಿದ್ನೆಲ್ಲ?" ಎಂದ. ಆಮೇಲೆ ಸುತ್ತಲಿನ ಮುಖಗಳನ್ನು ನೋಡಿ, "ನನಗ ತಂಗಿ ಇದ್ದಂಗ," ಎಂದ.

ಹಾಲ್ ನಿರಾಳವಾಯಿತು. ಯಾರೋ ಭಜಿಯ ತಟ್ಟೆಗೆ ಕೈಹಾಕಿದರು. ಆರತಿ ಎದ್ದು ಬಂದು ರಾಹೇಲಳ ಕೈ ಹಿಡಿದಳು. "ಹಂಗಾರ ನೀವು ನನಗ ಅತ್ತಿ ಆದ್ರಿ! ಅಪ್ಪಗ ಒಡಹುಟ್ಟಿದ ಅಕ್ಕ-ತಂಗ್ಯಾರು ಇಲ್ರಿ. ಪಂಚಮಿಗೆ ಮನಿಗೆ ಬರಬೇಕು ನೋಡ್ರಿ."

ಹುಡುಗಿಯ ಕಣ್ಣಲ್ಲಿ ಕಪಟವಿರಲಿಲ್ಲ. ಅದೇ ರಾಹೇಲಳನ್ನು ಹೆಚ್ಚು ಇರಿದದ್ದು. "ಬರ್ತೇನವಾ," ಎಂದಳು.

ಆ ರಾತ್ರಿಯೇನು, ಆಮೇಲಿನ ದಿನಗಳಲ್ಲೂ ಅವಳ ಮನಸ್ಸು ಸೋರಿಯಾಕ್ಕೇ ಹೋಗಿ ನಿಲ್ಲುತ್ತಿತ್ತು.

ಅವತ್ತು ಬೆಳಿಗ್ಗೆ ನದಿದಂಡೆಯ ಹಳೇ ಮಠವೊಂದನ್ನು ನೋಡಿದ್ದರು. ಮಾಡು ಬಿದ್ದು ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕಲ್ಲಿನ ಕಮಾನುಗಳು. ಒಂದು ಮೂಲೆಯಿಂದ ಮತ್ತೊಂದಕ್ಕೆ ಹೋದರೆ ಕಮಾನಿನ ರೀತಿಯೇ ಬೇರೆ. ಒಂದೆಡೆಯಂತೂ ಬೆರಳಿಗೆ ಬೆರಳು ಹೆಣೆದಂತೆ ಒಂದರೊಳಗೊಂದು ಸೇರಿಕೊಂಡಿದ್ದವು. ಉಳಿದವರೆಲ್ಲ "ಶಾಪಿಂಗ್ ಎಲ್ಲೈತ್ರಿ?" ಎಂದು ಪ್ರಸಾದನ ಜೀವ ತಿನ್ನುತ್ತಿದ್ದಾಗ, ನೀಲಕಂಠಪ್ಪ ಕಮಾನಿನ ಕೆಳಗೆ ತಲೆಯೆತ್ತಿ ನಿಂತುಬಿಟ್ಟಿದ್ದ.

"ಕಟ್ಟಾವ್ರು ನಡು ನಡುವ ಮನಸ್ಸು ಬದಲ್ ಮಾಡ್ಯಾರ ನೋಡ್ರಿ ಟೀಚರ್," ಎಂದ. "ಆದ್ರೂ ಕೆಡವಿಲ್ಲ. ಬದಲಾಗಿದ್ದನ್ನ ಹಂಗ ಇಟ್ಟಾರ."

ಹತ್ತಿಯ ದರ ಬಿಟ್ಟು ಬೇರೆ ಮಾತಾಡುವ ಮನುಷ್ಯ ಎಂದು ಅವಳಿಗೆ ಅಲ್ಲಿಯ ತನಕ ಅನಿಸಿರಲಿಲ್ಲ. ಹೆಂಡತಿ ತೀರಿ ಆರು ವರ್ಷವಾಗಿತ್ತು ಅವನಿಗೆ. ಅರಿಶಿನ ಬಣ್ಣದ ಸ್ವೆಟರ್, ಮೇಲೆ ಮಂಕಿ ಕ್ಯಾಪ್. ನೋಡಿದರೆ ನಗು ಬರುವಂತಿದ್ದ. ಆದರೆ ಅವನ ಕಣ್ಣು ಮಾತ್ರ ಎಲ್ಲವನ್ನೂ ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದವು.

ಮಧ್ಯಾಹ್ನ ಆ ಹಳ್ಳಿ. ಬೀದಿಗೆ ಬೀದಿಯೇ ಬೀಗ ಹಾಕಿದ ಮನೆಗಳು. ಚರ್ಚಿನ ಕೀಲಿ ಊರಿನ ಮುದುಕಿಯೊಬ್ಬಳ ಹತ್ತಿರವಿತ್ತು. ಆಕೆ ಬಾಗಿಲು ತೆರೆದಾಗ ರಾಹೇಲ ಒಳಗೆ ಹೋಗಿ, ಕಂಬಗಳ ತುದಿಯಲ್ಲಿ ಕೆತ್ತಿದ ಹಕ್ಕಿಗಳನ್ನೂ ಸಂತರನ್ನೂ ನೋಡುತ್ತಾ ಹೊತ್ತನ್ನೇ ಮರೆತಳು. ಹೊರಗೆ ಬಂದರೆ ಬಸ್ಸಿಲ್ಲ. ಕಟ್ಟೆಯ ಮೇಲೆ ನೀಲಕಂಠಪ್ಪ ಒಬ್ಬನೇ ಕೂತಿದ್ದ.

"ಅಯ್ಯೋ! ಬಸ್ಸು?"

"ಹೋತು."

"ನೀವ್ಯಾಕ ಉಳಿದ್ರಿ?"

"ನೀವು ಒಳಗ ಇದ್ರೆಲ್ಲ."

"ಮತ್ತ ಕೂಗಿ ನಿಂದರಿಸಬೇಕಿತ್ತಿಲ್ಲ?"

ಅವನು ಮಂಕಿ ಕ್ಯಾಪ್ ತೆಗೆದು ತೊಡೆಯ ಮೇಲಿಟ್ಟು ಅದರ ಉಣ್ಣೆಯನ್ನು ಕೀಳತೊಡಗಿದ. "ಕೈ ಮಾಡಿದ್ರ ನಿಂದರ್ತಿತ್ರಿ. ಮಾಡ್ಲಿಲ್ಲ," ಎಂದ. ಹೇಳಿದ ಮೇಲೆ ಎಳೇ ಹುಡುಗನ ಹಾಗೆ ನಾಚಿ, ಗೋಪುರದ ಕೊಕ್ಕರೆಯನ್ನು ನೋಡುತ್ತಾ ಕೂತ.

ಗಾಳಿ ಚಾಕುವಿನಂತೆ ಕೊಯ್ಯುತ್ತಿತ್ತು. ಮುದುಕಿ ಮನೆಯಿಂದ ಬಿಸಿ ಸೂಪು ತಂದಳು. ಬೆಳ್ಳುಳ್ಳಿ, ನೆನೆದ ರೊಟ್ಟಿಚೂರು, ನಡುವೆ ಮಾಂಸದ ತುಣುಕು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನೀಲಕಂಠಪ್ಪ ಬಟ್ಟಲನ್ನು ನೋಡಿದ, ಮುದುಕಿಯ ಮುಖ ನೋಡಿದ. ಬೇಡವೆನ್ನಲು ಬಾಯಿ ಬರಲಿಲ್ಲ. ಆಕೆ ಅತ್ತ ತಿರುಗಿದ್ದೇ ತಡ, ರಾಹೇಲ ಆಗಲೇ ಖಾಲಿಯಾಗಿದ್ದ ತನ್ನ ಬಟ್ಟಲನ್ನು ಅವನಿಗೆ ಕೊಟ್ಟು, ಅವನದನ್ನು ತಾನು ತೆಗೆದುಕೊಂಡಳು.

"ನಿಮ್ಮ ಪಾಪಾನೂ ನಾನ ತಿನ್ನಾಕತ್ತೇನಿ ನೋಡ್ರಿ ಸಾವ್ಕಾರ್ರ."

"ತಿನ್ರಿ ತಿನ್ರಿ. ಪುಣ್ಯ ಬಂದಾಗ ಅರ್ಧ ಕೊಡ್ತೇನಿ."

ಮುದುಕಿಗೆ ಕನ್ನಡ ಬಾರದು, ಇವರಿಗೆ ಸ್ಪ್ಯಾನಿಶ್ ಬಾರದು. ಆಕೆ ಎರಡು ತೋರುಬೆರಳನ್ನು ಜೋಡಿಸಿ ಹಿಡಿದು, ಹುಬ್ಬೆತ್ತಿ ಕೇಳಿದಳು. ಗಂಡ ಹೆಂಡತಿಯಾ? ರಾಹೇಲ ಅಲ್ಲವೆಂದು ತಲೆಯಾಡಿಸಬೇಕಿತ್ತು. ಅವನು ಆಡಿಸಲೆಂದು ಕಾದಳು. ಅವನು ಇವಳಿಗಾಗಿ ಕಾದನೋ ಏನೋ. ಯಾರೂ ತಲೆಯಾಡಿಸಲಿಲ್ಲ. ಮುದುಕಿ ನಕ್ಕು, ಒಂದೇ ದಪ್ಪ ಕಂಬಳಿ ತಂದು ಇಬ್ಬರ ಹೆಗಲಿಗೂ ಹೊದಿಸಿ ಹೋದಳು. ಪ್ರಸಾದ ಗಾಬರಿಯಾಗಿ ಬಸ್ಸು ತಿರುಗಿಸಿಕೊಂಡು ಬಂದದ್ದು ಆಮೇಲೆ. ಬಸ್ಸಿನ ಕಿಟಕಿಯಿಂದಲೇ ಯಾರೋ ಆ ಫೋಟೋ ತೆಗೆದಿದ್ದರು.

ಹುಬ್ಬಳ್ಳಿಗೆ ಬಂದ ಮೇಲೆ ಶಾಲೆ ಬಿಡುವ ಹೊತ್ತಿಗೆ ಅವನ ಫೋನ್ ಬರುತ್ತಿತ್ತು. ಮಾತಿನಲ್ಲಿ ಅಂಥದ್ದೇನೂ ಇರುತ್ತಿರಲಿಲ್ಲ. ಮಳೆ, ಮೊಣಕಾಲು, ಊಟ. ಒಮ್ಮೆ ಉಣಕಲ್ ಕೆರೆಯ ದಂಡೆಯಲ್ಲಿ ಸಿಕ್ಕಿದ್ದರು. ಪರಿಚಯದವರು ಕಂಡಾರೆಂದು ಬೇರೆ ಬೇರೆ ಬೆಂಚಿನ ಮೇಲೆ ಕೂತು, ನೀರು ನೋಡುತ್ತಾ ಮಾತಾಡಿದ್ದರು. ಅಷ್ಟು ದೂರದ ಊರಿನಲ್ಲಿ ಒಂದೇ ಕಂಬಳಿಯಲ್ಲಿ ಕೂತವರು ತಮ್ಮೂರಿನಲ್ಲಿ ಒಂದೇ ಬೆಂಚಿಗೆ ಹೆದರಿದರು.

ಹಾಲ್‌ನ ಆ ಸಂಜೆಯ ನಂತರ ಫೋನ್ ನಿಂತಿತು. ರಾಹೇಲಳೂ ಮಾಡಲಿಲ್ಲ. ಅವನು ಹೆದರಿದ್ದು ಅವಳಿಗೆ ಅರ್ಥವಾಗದ್ದಲ್ಲ. ಅವಳ ಮರ್ಯಾದೆ ಕಾಪಾಡಲೆಂದೇ ಹಾಗಂದಿರಬಹುದು. ಆದರೆ ತಂಗಿ ಎಂಬ ಮಾತು ಸುಮ್ಮನೆ ಆಡುವ ಮಾತಲ್ಲ. ಅದನ್ನು ಮಂದಿಯ ಮುಂದೆ ಆಡಿದ ಗಂಡಸು ಆ ಹೆಂಗಸಿನ ಕಡೆಗಿರುವ ಬಾಗಿಲನ್ನು ತನ್ನ ಕೈಯಾರೆ ಮುಚ್ಚಿಕೊಳ್ಳುತ್ತಾನೆ.

ಶ್ರಾವಣ ಬಂತು. ಪಂಚಮಿಗೆ ಅಣ್ಣಂದಿರು ತಂಗಿಯರನ್ನು ಕರೆಯುವ, ಬರಲಾಗದವರಿಗೆ ಉಂಡಿ ಕಳಿಸುವ ಕಾಲ. ಹಬ್ಬದ ಮರುದಿನ ನೀಲಕಂಠಪ್ಪನ ಅಂಗಡಿಯ ಮೆಹಬೂಬ ಬಾಗಿಲಿಗೆ ಬಂದ. ಕೈಯಲ್ಲಿ ಸ್ಟೀಲಿನ ಡಬ್ಬಿ, ಮೇಲೊಂದು ಕುಬಸದ ಖಣ.

"ಆರತಿ ಅಕ್ಕಾರು ಕಳಿಸ್ಯಾರ್ರಿ. ಸಾವ್ಕಾರ್ರ ತಂಗ್ಯಾರ ಮನಿ ಅಂದ್ರು."

"ಸಾವ್ಕಾರ್ರಿಗೆ ಗೊತ್ತೈತೇನ್ರಿ?"

"ಗೊತ್ತಿಲ್ದೇನ್ರಿ? ಅಲ್ಲೇ ಕುಂತಿದ್ರು."

ಅವನು ಹೋದ ಮೇಲೆ ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಎಳ್ಳಿನ ಉಂಡಿ, ಶೇಂಗಾದ ಉಂಡಿ, ಬೂಂದಿ ಉಂಡಿ. ಪ್ರೀತಿಯಿಂದಲೇ ಕಟ್ಟಿದ್ದಿರಬೇಕು. ತಾಯಿ ತೀರಿದ ದಿನವೂ ಅಷ್ಟು ಅಳದಿದ್ದವಳು ಅಂದು ಅತ್ತಳು. ಆಮೇಲೆ ಮುಖ ತೊಳೆದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಡಬ್ಬಿಯನ್ನೂ ಖಣವನ್ನೂ ಚೀಲದಲ್ಲಿಟ್ಟುಕೊಂಡು, ಓಣಿಯ ತುದಿಯಲ್ಲಿ ನಿಲ್ಲುವ ಜಾವೀದನ ಆಟೋ ಹತ್ತಿದಳು.

ಹತ್ತಿ ಅಂಗಡಿಯಲ್ಲಿ ಮಧ್ಯಾಹ್ನದ ಚಹಾದ ಹೊತ್ತು. ಗಾದಿಯ ಮೇಲೆ ನೀಲಕಂಠಪ್ಪ, ಸುತ್ತಲೂ ದಲಾಲರು. ಅವಳನ್ನು ಕಂಡು ಅವನು ಅರ್ಧ ಎದ್ದ.

"ಬರ್ರಿ ಟೀಚರ್. ಕುಂದರ್ರಿ. ಏ, ಚಾ ತರ್ರೋ..."

"ಬ್ಯಾಡ್ರಿ." ಅವಳು ಡಬ್ಬಿಯನ್ನು ಗಾದಿಯ ಅಂಚಿನಲ್ಲಿಟ್ಟಳು. ಅದರ ಮೇಲೆ ಖಣ. ತರಗತಿಯ ಕಡೇ ಬೆಂಚಿಗೆ ಕೇಳಿಸುವಂತೆ ಮಾತಾಡಿ ರೂಢಿಯಿದ್ದ ದನಿ ಇವತ್ತು ನಡುಗುತ್ತಿತ್ತು. "ಆರತಿ ಮ್ಯಾಲೆ ನನಗ ಸಿಟ್ಟಿಲ್ರಿ. ಛಲೋ ಹುಡುಗಿ. ಆದ್ರ ಈ ಉಂಡಿ ನಾ ತಿನ್ನಂಗಿಲ್ಲ. ನಾ ನಿಮ್ಮ ತಂಗಿ ಅಲ್ಲ."

ಅವಳು ತಿರುಗಿ ಹೊರಗೆ ನಡೆದಳು.

ಆಟೋದ ಹತ್ತಿರ ಹೋಗುವುದರೊಳಗೆ ಹಿಂದಿನಿಂದ ಅವನು ಬಂದ. ಬರಿಗಾಲು, ತಲೆಯ ಮೇಲೆ ಹನಿ ಬೀಳುತ್ತಿದ್ದವು.

"ಟೀಚರ್, ನಿಂದರ್ರಿ." ಉಸಿರು ಹತ್ತಿತ್ತು ಅವನಿಗೆ. "ಅವತ್ತ ಹೆದರಿದೆ. ಬಾಯಿಗೆ ಬಂದದ್ದು ಅಂದೆ. ಅಂದ ಮ್ಯಾಲೆ ತಿರುಗಿ ನುಂಗಾಕ ಬರಲಿಲ್ಲ."

"ಫೋನಾದ್ರೂ ಮಾಡಬಹುದಿತ್ತು."

"ಯಾವ ಬಾಯಿಲೆ ಮಾಡ್ಲಿ?" ಅವನು ರಸ್ತೆಯ ಕೆಸರನ್ನು ನೋಡಿದ. "ಮನ್ಯಾಗ ಅವ್ವ ಅದಾಳ. ಇಬ್ಬರು ತಮ್ಮಂದಿರು, ಅವರ ಮಕ್ಕಳು. ಇಪ್ಪತ್ತ ಮಂದಿ ಒಂದ ಒಲಿ ಮ್ಯಾಲೆ ಉಣ್ತೇವಿ. ನಿಮ್ಮನ್ನ ಆ ಮನಿಗೆ ಕರಕೊಂಡ ಹೋಗೂದು ನನ್ನ ಕೈಲೆ ಆಗೂದಿಲ್ಲ. ಅದನ್ನ ಬಿಟ್ಟ ಹೊರಗ ಬರೂದೂ ಆಗೂದಿಲ್ಲ. ಖರೇ ಹೇಳ್ತೇನಿ, ಅಷ್ಟ ಧೈರ್ಯ ನನಗಿಲ್ಲ."

ರಾಹೇಲಳಿಗೆ ಆಶ್ಚರ್ಯವಾಗಲಿಲ್ಲ. ಅವಳ ಮನೆಯ ಕಡೆ ಅಣ್ಣ ಜಾನ್ಸನ್, ಚರ್ಚಿನ ಹಿರಿಯರು. ಅವರೂ ಒಪ್ಪುವವರಲ್ಲ. ಅದೆಲ್ಲ ಅವಳಿಗೂ ಗೊತ್ತಿತ್ತು.

"ನಾ ಮದುವಿ ಕೇಳಾಕ ಬಂದಿಲ್ರಿ," ಎಂದಳು ಮೆತ್ತಗೆ. "ಆಗೂದಿಲ್ಲ ಅಂದ್ರ ಆಗೂದಿಲ್ಲ. ಒಬ್ಬಾಕಿನ ಇರೂದು ನನಗ ರೂಢಿ ಐತಿ. ಆದ್ರ ಇದ್ದದ್ದನ್ನ ಇರ್ಲಿಲ್ಲ ಅನಬ್ಯಾಡ್ರಿ. ಅಷ್ಟ."

ಅವಳು ಆಟೋದೊಳಗೆ ಕೂತಳು.

ಎದುರಿಗೆ ಹತ್ತಿ ಹೇರಿದ ಲಾರಿಯೊಂದು ಹಿಂದೆಮುಂದೆ ಮಾಡುತ್ತಾ ದಾರಿ ಕಟ್ಟಿತ್ತು. ಜಾವೀದ ಎಂಜಿನ್ ಆರಿಸಿದ. ಅಂಗಡಿಯ ಮೆಟ್ಟಿಲ ಮೇಲಿಂದ ದಲಾಲನೊಬ್ಬ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

"ಯಾಕ್ರಿ ಸಾವ್ಕಾರ್ರ, ತಂಗ್ಯಾರು ಸಿಟ್ಟಾಗ್ಯಾರೇನ್ರಿ?"

ಎರಡು ಮೂರು ಜನ ನಕ್ಕರು. ನಗು ನಿಲ್ಲುವ ತನಕ ನೀಲಕಂಠಪ್ಪ ರಸ್ತೆಯಲ್ಲೇ ನಿಂತಿದ್ದ. ಆಮೇಲೆ ಅತ್ತ ತಿರುಗಿ, ಹರಾಜಿನಲ್ಲಿ ಕೂಗುವಷ್ಟು ದೊಡ್ಡ ದನಿಯಲ್ಲಿ ಹೇಳಿದ.

"ತಂಗಿ ಅಲ್ಲೋ. ನಾ ಜೀವ ಇಟ್ಟಾಕಿ ಅಕಿ."

ಬೀದಿಯ ಆ ತುದಿಯ ಅಂಗಡಿಯವರೂ ತಲೆಯೆತ್ತಿದರು. ಸಂಜೆಯೊಳಗೆ ಈ ಮಾತು ಅವನ ಮನೆಯ ಅಡುಗೆಮನೆಗೆ ಹೋಗುತ್ತದೆ, ಬೆಂಗೇರಿಗೂ ಬರುತ್ತದೆ ಎಂದು ರಾಹೇಲಳಿಗೆ ಗೊತ್ತಿತ್ತು. ಆರತಿ ಇನ್ನೆಂದೂ ಅತ್ತಿ ಎನ್ನಲಿಕ್ಕಿಲ್ಲ. ಅಣ್ಣ ಕೆಲವು ದಿನ ಮಾತು ಬಿಟ್ಟಾನು. ಇಷ್ಟಾದ ಮೇಲೆಯೂ ಮದುವೆಯಂತೂ ಆಗುವುದಿಲ್ಲ. ಅವನು ಆ ಮನೆಯಲ್ಲೇ ಉಣ್ಣುತ್ತಾನೆ, ಅವಳು ಈ ಮನೆಯಲ್ಲಿ.

ಅವನು ಆಟೋದ ಕಡೆ ತಿರುಗಿದ. ಹತ್ತಿರ ಬರಲಿಲ್ಲ. ಕಣ್ಣು ತುಂಬಿದ್ದವು, ಆದರೂ ಅವಳ ಮುಖದಿಂದ ತೆಗೆಯಲಿಲ್ಲ. ನಡುಬೀದಿಯಲ್ಲಿ, ಅಷ್ಟು ಜನರ ಎದುರಿಗೆ, ಅವಳೂ ಸೆರಗು ಸರಿಮಾಡಿಕೊಳ್ಳದೆ, ಕಣ್ಣು ತಗ್ಗಿಸದೆ ಅವನನ್ನು ನೋಡಿದಳು.

ಲಾರಿ ಸರಿಯಿತು. ಜಾವೀದ ಕನ್ನಡಿಯಲ್ಲಿ ಅವಳನ್ನು ನೋಡಿ, ಎಂಜಿನ್ ಹಚ್ಚದೆ ಮೆಲ್ಲಗೆ ಕೇಳಿದ. "ಹೋಗೂಣೇನ್ರಿ ಮೇಡಂ? ಇಲ್ಲಾ ಇನ್ನೂ ಸ್ವಲ್ಪ ನಿಂದರ್ಲ್ಯಾ?"

"ಸ್ವಲ್ಪ ನಿಂದರ್ರಿ," ಎಂದಳು ರಾಹೇಲ.

ಮಳೆ ಜೋರಾಗುವ ತನಕ ಆಟೋ ಅಲ್ಲೇ ನಿಂತಿತು. ಆಮೇಲೆ ಹೊರಟಿತು.