ಗೋಡೆ ಮೇಲಿನ ವೈರು

"ಅಮ್ಮಾ, ಮೂವತ್ತೈದಕ್ಕೆ ಇಳೀತು!"

ಬುಗುರಿ ಕಾವುಪೆಟ್ಟಿಗೆಯ ಗಾಜಿಗೆ ಮೂಗೊತ್ತಿಕೊಂಡೇ ಕೂಗಿದಳು. ಒಳಗೆ ಹನ್ನೆರಡು ಕೋಳಿಮೊಟ್ಟೆಗಳು ಸುಮ್ಮನೆ ಮಲಗಿದ್ದವು. ಅವುಗಳನ್ನು ಬೆಚ್ಚಗಿಡುವ ಬಲ್ಬು ಆರಿಹೋಗಿತ್ತು. ಥರ್ಮಾಮೀಟರು ಮೂವತ್ತೇಳೂವರೆ ತೋರಿಸಬೇಕಿತ್ತು.

ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ಅಮ್ಮ, ಒಂದೇ ಚಪ್ಪಲಿಯಲ್ಲಿ ಓಡಿಬಂದರು. ಸೋಲಾರ್ ಬ್ಯಾಟರಿಯ ಮೇಲೆ ಕೆಂಪು ಲೈಟು ಮಿಣುಕುತ್ತಿತ್ತು.

"ಎರಡು ದಿನದಿಂದ ಮೋಡ, ನಿಜ. ಆದ್ರೂ ಈ ಬಲ್ಬೊಂದಕ್ಕೆ ನಾಳೆವರೆಗೂ ಸಾಕಾಗ್ತಿತ್ತಲ್ಲೇ?"

"ಕಾರ್ಟೂನ್ ನೋಡ್ದೆ. ಸ್ವಲ್ಪ."

"ಸ್ವಲ್ಪ ಅಂದ್ರೆ?"

"ನಾಲ್ಕು. ಆಮೇಲೆ ಯೂನಿಫಾರ್ಮ್ ಇಸ್ತ್ರಿ ಮಾಡ್ದೆ. ನಿನ್ ಕೋಟೂ ಮಾಡ್ದೆ, ನಿಂಗೆ ಹೆಲ್ಪ್ ಆಗ್ಲಿ ಅಂತ."

ಬೈಯಲು ಬಾಯಿ ತೆರೆದ ಅಮ್ಮ ಕುರ್ಚಿಯ ಕಡೆ ನೋಡಿದರು. ಬಿಳಿ ಕೋಟು ಒಂದು ಸುಕ್ಕೂ ಇಲ್ಲದೆ ಕೂತಿತ್ತು. ಅವರು ಕಂಬಳಿ ತಂದು ಪೆಟ್ಟಿಗೆಗೆ ಸುತ್ತಿದರು.

ಮೊಟ್ಟೆಗಳು ಇಡೀ ಕ್ಲಾಸಿನವು. ಸೋಮವಾರ ಮರಿಗಳು ಹೊರಬರಬೇಕು. ಶನಿವಾರ, ಭಾನುವಾರ ಶಾಲೆಗೆ ಬೀಗ. "ಪೆಟ್ಟಿಗೆ ಯಾರು ಒಯ್ತೀರಿ?" ಎಂದು ಮಿಸ್ ಕೇಳಿದಾಗ ಮೊದಲು ಕೈ ಎತ್ತಿದ್ದು ಪಕ್ಕದ ಮನೆಯ ಬೋಲ್ಟು. ಅವನ ಅಪ್ಪ ಲೈನ್‌ಮನ್. ಅವನ ಜೇಬಲ್ಲಿ ಯಾವಾಗಲೂ ಒಂದೆರಡು ಬೋಲ್ಟು ಇದ್ದೇ ಇರುತ್ತಿದ್ದವು.

ಬುಗುರಿ ಎದ್ದು ನಿಂತಿದ್ದಳು. "ಮಿಸ್, ಅವರ ಮನೆ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತೆ! ನಮ್ಮದು ಸೋಲಾರ್. ನಾವು ಲೈನೇ ತೆಗೆಸಿಬಿಟ್ಟಿದ್ದೀವಿ. ಸೂರ್ಯ ಯಾವತ್ತೂ ರಜಾ ಹಾಕಲ್ಲ!"

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತ್ತು. ಬೋಲ್ಟುವಿನ ಕೈ ಮೆಲ್ಲಗೆ ಕೆಳಗಿಳಿದಿತ್ತು.

"ಪಕ್ಕದ ಮನೇಲಿ ಕೇಳು, ಹೋಗು," ಎಂದರು ಅಮ್ಮ.

"ನೀನೇ ಕೇಳಮ್ಮಾ."

"ಮೊಟ್ಟೆ ತಂದಿದ್ದು ಯಾರು?"

ಬುಗುರಿ ಕಾಂಪೌಂಡ್ ಗೋಡೆಯ ಪಕ್ಕ ಇಟ್ಟಿಗೆಯ ಮೇಲೆ ಹತ್ತಿ ನಿಂತಳು. ಆಚೆ ಬೋಲ್ಟು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ.

"ನಿಮ್ಮನೇಲಿ ಕರೆಂಟ್ ಇದ್ಯಾ?"

ಅವನು ತಲೆ ಎತ್ತಲಿಲ್ಲ. "ಯಾಕೆ? ಸೂರ್ಯ ರಜಾ ಹಾಕಿದ್ನಾ?"

ಬೇರೆ ದಿನವಾಗಿದ್ದರೆ ಅವಳು ಒಂದಕ್ಕೆ ಹತ್ತು ಮಾತು ಆಡುತ್ತಿದ್ದಳು. "ಹೂಂ," ಎಂದಳು. "ಮೂವತ್ತೈದಕ್ಕೆ ಇಳ್ದಿದೆ ಕಣೋ."

ಎಣ್ಣೆ ಡಬ್ಬಿ ಠಣ್ ಎಂದು ಬಿತ್ತು. "ಅಪ್ಪಾ! ಉದ್ದದ ವೈರು! ಬೇಗ!"

ಲೈನ್‌ಮನ್ ಮಾಮ ಕಣ್ಣುಜ್ಜುತ್ತಾ ಬಂದು, ವೈರನ್ನು ಅಂಗುಲ ಅಂಗುಲ ಸವರಿ ನೋಡಿದರು. "ಪ್ಲಗ್ ಹಾಕೋದು, ತೆಗೆಯೋದು ದೊಡ್ಡವರ ಕೆಲಸ. ನೀವಿಬ್ರು ಮುಟ್ಟಿದ್ರೋ, ಕಿವಿ ಕಿತ್ತು ಕಂಬಕ್ಕೆ ಕಟ್ತೀನಿ."

ವೈರು ಗೋಡೆ ಹತ್ತಿ ಇಳಿಯಿತು. ಬಲ್ಬು ಹತ್ತಿತು. ಮೂವತ್ತಾರು. ಮೂವತ್ತೇಳು. ಉಳಿದ ಅರ್ಧ ಡಿಗ್ರಿಯೂ ಏರುವವರೆಗೆ ಬೋಲ್ಟು ಮನೆಗೆ ಹೋಗಲೇ ಇಲ್ಲ.

ಭಾನುವಾರ ಗಾಳಿ ಎದ್ದಿತು. ಮೋಡ ಚದುರಿ ಸುಡುಸುಡು ಬಿಸಿಲು ಬಂತು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿಯ ಲೈಟು ಹಸಿರಾಯಿತು. ಆಗಲೇ ಗೋಡೆಯ ಮೇಲೆ ಬೋಲ್ಟುವಿನ ತಲೆ ಕಾಣಿಸಿತು.

"ಕರೆಂಟ್ ಹೋಯ್ತು. ಎಲ್ಲೋ ಕೊಂಬೆ ಬಿದ್ದಿದೆಯಂತೆ. ಅಪ್ಪ ಪ್ಲಗ್ ಕಿತ್ತಿಟ್ಟು, ಏಣಿ ತಗೊಂಡು ಹೋದ." ಅವನು ಕಾಯುತ್ತಾ ನಿಂತ. ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು.

ಕಣ್ಣಾಮುಚ್ಚಾಲೆ ಎಂಬ ಮಾತು ಬುಗುರಿಯ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಅಮ್ಮ ಪೆಟ್ಟಿಗೆಯನ್ನು ಮತ್ತೆ ಸೋಲಾರಿಗೆ ಹಾಕಿದರು.

"ನಿಮ್ಮನೇಲಿ ಏನು ನಿಂತಿದೆ?"

"ಅಜ್ಜಿಯ ಟೇಬಲ್ ಫ್ಯಾನು. ಸೆಖೆ ಸೆಖೆ ಅಂತ ನನ್ ಕೈಲಿ ಬೀಸಣಿಗೆ ಕೊಟ್ಟಿದ್ದಾಳೆ. ರಟ್ಟೆ ಬಿದ್ದೋಯ್ತು."

"ವೈರು ಉಲ್ಟಾ ಮಾಡೋಣ. ಪ್ಲಗ್ ಈ ಕಡೆ ಎಸಿ. ಅಮ್ಮ ಹಾಕ್ತಾಳೆ. ಫ್ಯಾನು ಮಾತ್ರ, ಆಯ್ತಾ? ಇಸ್ತ್ರಿಗಿಸ್ತ್ರಿ ಕೇಳ್ಬೇಡ!"

ಅದೇ ವೈರು, ಅದೇ ಗೋಡೆ. ಈಗ ಕರೆಂಟು ಆಚೆ ಕಡೆ ಹೋಯಿತು. "ಯಾರಪ್ಪಾ ಪುಣ್ಯಾತ್ಮರು!" ಎಂದು ಒಳಗಿನಿಂದ ಅಜ್ಜಿಯ ದನಿ ಕೇಳಿತು. ಆ ದಿನ ಬುಗುರಿ ಟಿವಿಯ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಬೀದಿಯ ಮನೆಗಳಲ್ಲಿ ಒಮ್ಮೆಲೇ ದೀಪ ಹತ್ತಿತು. ಆಮೇಲೆ ಲೈನ್‌ಮನ್ ಮಾಮ ಏಣಿ ಹೊತ್ತು ನಡೆದು ಬಂದರು. ತಲೆಗೂದಲಲ್ಲಿ ಎಲೆ, ಮೊಣಕೈಯಲ್ಲಿ ತರಚುಗಾಯ. ಬುಗುರಿ ಅವರನ್ನು ಗೇಟಿನವರೆಗೂ ನೋಡಿದಳು. ಆಮೇಲೆ ತಾರಸಿಯ ಮೇಲಿನ ಸೋಲಾರ್ ಫಲಕದ ಕಡೆ ನೋಡಿದಳು. ಮಾಮ ಮನೆಗೆ ಬಂದಿದ್ದರು. ಸೂರ್ಯ ಮನೆಗೆ ಹೊರಟಿದ್ದ.

"ವೈರು ಸುತ್ತಿ ಕೊಟ್ಟು ಬಾರೇ," ಎಂದು ಪ್ಲಗ್ ಕಿತ್ತ ಅಮ್ಮ ಹೇಳಿದರು.

ಬುಗುರಿ ನೀಟಾಗಿ ಸುತ್ತಿದಳು. ಆದರೆ ಕೊಡಲಿಲ್ಲ. ಗೋಡೆಯ ಮೇಲೆ ಸರಿಯಾಗಿ ನಡುವಿನಲ್ಲಿ ಇಟ್ಟಳು.

"ಇಲ್ಲೇ ಇರ್ಲಿ."

ಬೋಲ್ಟು ಒಂದು ಕಣ್ಣು ಮುಚ್ಚಿ ಅಳತೆ ನೋಡಿದ. "ನಿಮ್ಮ ಕಡೆ ಸ್ವಲ್ಪ ಜಾಸ್ತಿ ಆಯ್ತು," ಎಂದು ಒಂದು ಬೆರಳಿನಷ್ಟು ಎಳೆದುಕೊಂಡ. "ಮಳೆ ಬಂದ್ರೆ?"

ಅವಳು ಒಳಗೆ ಓಡಿ ಹಳೆಯ ಬಕೆಟ್ ತಂದು ಅದರ ಮೇಲೆ ಕವುಚಿದಳು.

"ಬುಗುರೀ, ಬೇಗ ಬಾ!" ಅಮ್ಮ ಕೂಗಿದರು. "ಒಂದು ಮೊಟ್ಟೆ ಬಿರುಕು ಬಿಟ್ಟಿದೆ!"

ಅವಳು ಒಂದು ಹೆಜ್ಜೆ ಓಡಿ, ನಿಂತು, ಹಿಂದಿರುಗಿ ಗೋಡೆಯ ಮೇಲೆ ಕೈ ಚಾಚಿದಳು.

"ಹತ್ತಿ ಬಾರೋ!"